ಶಾಟ್ ಪೀನಿಂಗ್: ಇತಿಹಾಸ

ಉಕ್ಕು, ಗಾಜು ಅಥವಾ ಸೆರಾಮಿಕ್‌ನ ಸಣ್ಣ ಗುಂಡುಗಳನ್ನು ಲೋಹದ ಮೇಲ್ಮೈಗೆ ರಭಸದಿಂದ ಹೊಡೆದು, ಲೋಹವು ದಣಿದು ಮುರಿಯುವುದನ್ನು ಮುಂದೂಡುವ ವಿಧಾನಕ್ಕೆ ಶಾಟ್ ಪೀನಿಂಗ್ ಎಂದು ಹೆಸರು. ಗುಂಡು ಬಿದ್ದಲ್ಲೆಲ್ಲ ಕಿರುಗುಳಿ ಮೂಡಿ ಮೇಲ್ಪದರ ಹಿಗ್ಗಲು ನೋಡುತ್ತದೆ; ಅಡಿಯ ಲೋಹ ಅದನ್ನು ಬಿಗಿಹಿಡಿಯುತ್ತದೆ. ಹೀಗೆ ಮೇಲ್ಪದರದಲ್ಲಿ ಉಳಿದುಬಿಡುವ ಸಂಪೀಡನ ಒತ್ತಡವು ಬಿರುಕು ಬಾಯಿಬಿಡದಂತೆ ಅದುಮಿಡುತ್ತದೆ.

ಕತ್ತಿ, ಶಿರಸ್ತ್ರಾಣಗಳನ್ನು ಬಡಿಯುತ್ತಿದ್ದ ಪ್ರಾಚೀನ ಕಮ್ಮಾರರಿಂದಲೇ ಈ ಇತಿಹಾಸವನ್ನು ಆರಂಭಿಸುವ ಬರಹಗಳು ಹಲವು. ಇದನ್ನು ಒಪ್ಪುವುದು ಕಷ್ಟ. ಕಮ್ಮಾರರು ಬಯಸಿದ್ದು ಆಕಾರ ಮತ್ತು ಗಡಸುತನವನ್ನು. ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ದಣಿಯುತ್ತದೆಂಬುದು ಖಚಿತವಾದದ್ದು 19ನೇ ಶತಮಾನದಲ್ಲಿ, ರೈಲ್ವೆ ಅಚ್ಚುಗಳ ಮೇಲೆ ಜರ್ಮನಿಯ ಆಗಸ್ಟ್ ವೋಲರ್ ನಡೆಸಿದ ಪ್ರಯೋಗಗಳಿಂದ. 1927ರಲ್ಲಿ ಇಂಗ್ಲೆಂಡಿನ ಇ.ಜಿ. ಹರ್ಬರ್ಟ್ ಉಕ್ಕಿನ ಗುಂಡುಗಳ ಮಳೆ ಸುರಿಸಿ ಲೋಹವನ್ನು ಗಡಸುಗೊಳಿಸಿದಾಗಲೂ ಗಮನವಿದ್ದದ್ದು ಗಡಸುತನದ ಮೇಲೆಯೇ.

ನಿಜವಾದ ವಿವಾದ ಹುಟ್ಟಿದ್ದು ಜರ್ಮನಿಯಲ್ಲಿ. ಮೇಲ್ಮೈಯನ್ನು ಒತ್ತಿದರೆ ದಣಿವು ತಡೆಯುವ ಶಕ್ತಿ ಹೆಚ್ಚುತ್ತದೆಂದು ಬ್ರೌನ್‌ಶ್ವೈಗ್‌ನ ಒಟ್ಟೊ ಫೋಪಲ್ 1929ರಲ್ಲಿ ಪ್ರಕಟಿಸಿ, ಗಡಸುತನವೇ ಅದಕ್ಕೆ ಕಾರಣವೆಂದರು. ಡಾರ್ಮ್‌ಸ್ಟಾಟ್‌ನ ಆಗಸ್ಟ್ ಥುಮ್ ಒಳಗೆ ಉಳಿದ ಒತ್ತಡದತ್ತ ಬೊಟ್ಟು ಮಾಡಿದರು. ಅಮೆರಿಕದಲ್ಲಿ ಕೆಲಸ ಸಿದ್ಧಾಂತಕ್ಕೆ ಕಾಯಲಿಲ್ಲ. ಗುಂಡು ಹೊಡೆದ ಸ್ಪ್ರಿಂಗ್ ತಂತಿ ಹೆಚ್ಚು ಬಾಳುತ್ತದೆಂದು ವೈಬೆಲ್ 1935ರಲ್ಲಿ, ಝಿಮ್ಮರ್ಲಿ 1940ರಲ್ಲಿ ದಾಖಲಿಸಿದರು. ಆದ್ದರಿಂದ ಯಾರೋ ಒಬ್ಬರನ್ನೇ ಈ ವಿಧಾನದ ಜನಕರೆಂದು ಕರೆಯಲು ಬರುವುದಿಲ್ಲ.

ಜನರಲ್ ಮೋಟಾರ್ಸ್‌ನ ಜಾನ್ ಆಲ್ಮೆನ್ ಅವರ ಕೊಡುಗೆ ಬೇರೆ ಬಗೆಯದು: ಅವರು ಇದಕ್ಕೊಂದು ಅಳತೆ ಕೊಟ್ಟರು. ಸುಮಾರು 76 ಮಿ.ಮೀ. ಉದ್ದ, 19 ಮಿ.ಮೀ. ಅಗಲದ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ದಪ್ಪ ಹಲಗೆಗೆ ತಿರುಪಿನಿಂದ ಬಿಗಿದು, ಒಂದೇ ಬದಿಗೆ ಗುಂಡು ಹೊಡೆಯುತ್ತಾರೆ. ತಿರುಪು ಸಡಿಲಿಸಿದೊಡನೆ ಪಟ್ಟಿ ಹೊಡೆತ ತಿಂದ ಬದಿಗೆ ಉಬ್ಬಿ ಬಾಗುತ್ತದೆ. ಆ ಬಾಗಿನ ಎತ್ತರವೇ ಹೊಡೆತದ ತೀವ್ರತೆಯ ಅಳತೆ. ಹೊಡೆಯುವ ಸಮಯವನ್ನು ಇಮ್ಮಡಿಸಿದರೂ ಎತ್ತರ ಶೇ. 10ಕ್ಕಿಂತ ಹೆಚ್ಚು ಏರದಿದ್ದರೆ ಪಟ್ಟಿಗೆ ಸಾಕಷ್ಟು ಹೊಡೆತ ಬಿದ್ದಿದೆ ಎಂದರ್ಥ. 1944ರಲ್ಲಿ ಪೇಟೆಂಟ್ ಪಡೆದ ಈ ಪರೀಕ್ಷೆ ಕಾರ್ಖಾನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಕೆಲಸಗಾರನ ಕೈಗುಣವನ್ನು ನಂಬಿದ್ದ ವಿದ್ಯೆ ವಿಮಾನದ ಭಾಗಗಳಿಗೂ ಒಪ್ಪಿತವಾದದ್ದು ಈ ಪಟ್ಟಿಯಿಂದ.

ಜರ್ಮನಿಯ ವಿವಾದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ. ಜನಪ್ರಿಯ ಇತಿಹಾಸಗಳು ಇದನ್ನು ಬಿಟ್ಟುಬಿಡುವುದು ಸರಿಯಲ್ಲ. ಮ್ಯಾಟ್ಸನ್ ಮತ್ತು ರಾಬರ್ಟ್ಸ್ ಎಂಬ ಸಂಶೋಧಕರು ಒಂದೇ ಗಡಸುತನದ ಲೀಫ್ ಸ್ಪ್ರಿಂಗ್ ಪಟ್ಟಿಗಳಲ್ಲಿ ಕೆಲವನ್ನು ಒಂದು ದಿಕ್ಕಿಗೆ, ಕೆಲವನ್ನು ಎದುರು ದಿಕ್ಕಿಗೆ ಬಗ್ಗಿಸಿಟ್ಟು ಗುಂಡು ಹೊಡೆದರು. ಮೇಲ್ಮೈ ಎಳೆತದಲ್ಲಿದ್ದಾಗ ಹೊಡೆಸಿಕೊಂಡ ಪಟ್ಟಿಗಳಲ್ಲಿ ಹೆಚ್ಚು ಸಂಪೀಡನ ಉಳಿಯಿತು, ಅವೇ ಹೆಚ್ಚು ಬಾಳಿದವು. ಗಡಸು ಉಕ್ಕಿನಲ್ಲಿ ಉಳಿಕೆ ಒತ್ತಡವೇ ಮುಖ್ಯ, ಮೆದು ಉಕ್ಕಿನಲ್ಲಿ ಗಡಸುಗೊಳ್ಳುವುದಕ್ಕೂ ಪಾಲಿದೆ ಎಂಬುದು ಈಗಿನ ಒಮ್ಮತ. ಇಬ್ಬರೂ ಜರ್ಮನ್ನರ ಮಾತಿನಲ್ಲಿ ತಥ್ಯವಿತ್ತು.

ಗುಂಡಿನ ಬದಲು ಲೇಸರ್ ಬಳಸುವ ಪ್ರಯೋಗಗಳು 1970ರ ದಶಕದಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ನಡೆದವು. 1990ರ ದಶಕದ ಕೊನೆಗೆ ಬಿ-1ಬಿ ಬಾಂಬರ್ ವಿಮಾನದ ಎಂಜಿನ್ ಬ್ಲೇಡುಗಳಿಗೆ ಅದು ಬಳಕೆಗೆ ಬಂತು. ಗುಂಡಿನ ಪರಿಣಾಮ ಮಿಲಿಮೀಟರಿನ ಕೆಲವೇ ದಶಾಂಶ ಆಳಕ್ಕಿಳಿದರೆ ಲೇಸರಿನದು ಸುಮಾರು ಒಂದು ಮಿ.ಮೀ. ಮುಟ್ಟುತ್ತದೆ. ಆದರೆ ಬಿಸಿ ಮತ್ತು ಭಾರೀ ಹೊರೆಗೆ ಈ ಉಳಿಕೆ ಒತ್ತಡ ಸಡಿಲವಾಗಬಲ್ಲದು. ಆದ್ದರಿಂದ ಎಂಜಿನ್ ವಿನ್ಯಾಸಕರಲ್ಲಿ ಹಲವರು ಪೀನಿಂಗಿನ ಲಾಭವನ್ನು ಬಿಡಿಭಾಗದ ಆಯುಸ್ಸಿನ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸದೆ, ಹೆಚ್ಚುವರಿ ಸುರಕ್ಷತೆಯೆಂದು ಬದಿಗಿಡುತ್ತಾರೆ.