ಬೋರ್ ನೀರು, ಅಂಟುವಾಳ, ರೇಷ್ಮೆ ಎಳೆ: ಚಿಕ್ಕಬಳ್ಳಾಪುರ ಸೀಮೆಯ ಅಂಗನವಾಡಿಗೆ ಗುಳ್ಳೆಯಾಟದ ವಿಜ್ಞಾನ

ಶಾಲಾಪೂರ್ವ ಶಿಕ್ಷಣದ ಬರಹಗಳಲ್ಲಿ ಸೋಪುಗುಳ್ಳೆಗೆ ಹೆಚ್ಚಾಗಿ ಸಿಗುವುದು ಬಿಡುವಿನ ಆಟದ ಸ್ಥಾನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಅದನ್ನು ನೀರಿನ ಮೊದಲ ಪಾಠವಾಗಿ ಬಳಸಬೇಕು ಎಂಬುದು ಈ ಲೇಖನದ ವಾದ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆ ಕೊಳವೆಬಾವಿಯನ್ನು ನಂಬಿದೆ. ಬಂಡೆಯ ಬಿರುಕುಗಳಿಂದ ಮೇಲೆ ಬರುವ ಆ ನೀರು ಅನೇಕ ಕಡೆ ಗಡಸು; ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಹಾಗಾಗಿ ಎಷ್ಟೋ ಮನೆಗಳಲ್ಲಿ ನೀರು ಎರಡು ಬಗೆ: ಬಳಕೆಗೆ ಬೋರ್ ನೀರು, ಕುಡಿಯಲು ನೀರು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ತಂದ ಫಿಲ್ಟರ್ ನೀರು.

ಈ ಎರಡು ನೀರೇ ಮೊದಲ ಪ್ರಯೋಗದ ಸಾಮಗ್ರಿ. ಎರಡು ಬಾಟಲಿಗಳಿಗೆ ಒಂದೇ ಅಳತೆಯ ಸ್ನಾನದ ಸೋಪಿನ ತುರಿ ಹಾಕಿ ಮಕ್ಕಳಿಂದ ಕುಲುಕಿಸಬೇಕು. ಫಿಲ್ಟರ್ ನೀರಿನಲ್ಲಿ ನೊರೆ ಏರುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಕರಗದ ಗಸಿಯಾಗುತ್ತವೆ, ನೊರೆಗೆ ಸೋಪೇ ಉಳಿಯುವುದಿಲ್ಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಮಗುವಿಗೆ ಈ ಅಂಕಿ ಬೇಡ. ಬೆರಳಿಗೆ ಹತ್ತಿದ ಬಿಳಿ ಜಿಡ್ಡು ಸಾಕು. ಮೂರನೆಯ ಬಾಟಲಿಯಲ್ಲಿ ಅದೇ ಬೋರ್ ನೀರಿಗೆ ನೆನೆಸಿದ ಅಂಟುವಾಳದ ರಸ ಹಾಕಿದರೆ ನೊರೆ ಮತ್ತೆ ಏಳುತ್ತದೆ. ಅದರ ಸ್ಯಾಪೊನಿನ್ ಸೋಪಿನಂತೆ ಗಸಿಗಟ್ಟುವುದಿಲ್ಲ. ಅಜ್ಜಿಯರು ತಲೆಗೆ, ರೇಷ್ಮೆ ಸೀರೆಗೆ ಬಳಸುತ್ತಿದ್ದ ಕಾಯಿ ಇಲ್ಲಿ ಪ್ರಯೋಗಶಾಲೆಗೆ ಬರುತ್ತದೆ. ರಸ ಕಣ್ಣಿಗೆ ಬಿದ್ದರೆ ಉರಿ, ಆದ್ದರಿಂದ ಅದನ್ನು ದೊಡ್ಡವರೇ ಸುರಿಯಬೇಕು.

ನೊರೆಯ ಪಾಠ ಮುಗಿದ ಮೇಲೆ ಗುಳ್ಳೆ ಊದಲು ಪರಂಗಿ ಎಲೆಯ ಪೊಳ್ಳು ತೊಟ್ಟನ್ನು ಹಾಲು ಹೋಗುವಂತೆ ಚೆನ್ನಾಗಿ ತೊಳೆದು ಬಳಸಬಹುದು. ಬಾಯಿಗೆ ಸಮೀಪ ಒಂದು ಸಣ್ಣ ತೂತು ಮಾಡಿದರೆ ಮಗು ಮರೆತು ಒಳಗೆಳೆದರೂ ಸೋಪಿನ ದ್ರಾವಣದ ಬದಲು ಹೆಚ್ಚಾಗಿ ಗಾಳಿಯೇ ಬರುತ್ತದೆ. ಒಣ ಬಿಸಿಲಿನಲ್ಲಿ ಪೊರೆ ಬೇಗ ಆರಿ ಒಡೆಯುವುದರಿಂದ ಬೆಳಗಿನ ಹೊತ್ತು ಒಳ್ಳೆಯದು. ದ್ರಾವಣಕ್ಕೆ ಸ್ವಲ್ಪ ಸಕ್ಕರೆ ಬೆರೆಸಿದರೆ ಆರುವಿಕೆ ನಿಧಾನವಾಗುತ್ತದೆ.

ಗುಳ್ಳೆ ಏಕೆ ಗುಂಡಗೆ? ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಸೋಪು ಅದನ್ನು 25-30ರ ಆಸುಪಾಸಿಗೆ ಇಳಿಸುತ್ತದೆ, ತೆಳುವಾದ ಜಾಗಗಳನ್ನು ಹರಿಯದಂತೆ ಕಾಯುತ್ತದೆ. ಒಳಗಿನ ಗಾಳಿ ಅಷ್ಟೇ ಇರುವಾಗ ಪೊರೆ ಅತಿ ಕಡಿಮೆ ಹರವಿಗೆ ಕುಗ್ಗುತ್ತದೆ, ಆ ಆಕಾರ ಗೋಳ. ಇದನ್ನು ಮಾತಿಲ್ಲದೆ ತೋರಿಸಬಲ್ಲ ವಸ್ತು ಶಿಡ್ಲಘಟ್ಟದಲ್ಲೇ ಇದೆ. ತಂತಿಯ ಬಳೆಯನ್ನು ದ್ರಾವಣದಲ್ಲಿ ಅದ್ದಿ, ಪೊರೆಯ ಮೇಲೆ ನೆನೆಸಿದ ರೇಷ್ಮೆ ಎಳೆಯ ಸಡಿಲ ಕುಣಿಕೆ ಇಟ್ಟು, ಕುಣಿಕೆಯ ಒಳಭಾಗವನ್ನಷ್ಟೇ ಒಣ ಕಡ್ಡಿಯಿಂದ ಚುಚ್ಚಿದರೆ, ಡೊಂಕಾಗಿದ್ದ ಎಳೆ ತಟ್ಟನೆ ವೃತ್ತವಾಗಿ ಬಿಗಿಯುತ್ತದೆ. ಹತ್ತೊಂಬತ್ತನೇ ಶತಮಾನದ ಯುರೋಪಿನ ಭೌತವಿಜ್ಞಾನಿಗಳು ಮಾಡಿ ತೋರಿಸಿದ ಪ್ರಯೋಗವಿದು. ರೇಷ್ಮೆಗೂಡಿನಿಂದ ನೂಲು ತೆಗೆಯುವ ಫಿಲೇಚರಿನಲ್ಲಿ ದುಡಿಯುವವರ ಮಕ್ಕಳಿಗೆ ಎಳೆಯ ಪರಿಚಯ ಮೊದಲೇ ಇದೆ.

ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ ಎನ್ನುವ ಮಕ್ಕಳು ಇಲ್ಲಿ ಬಹಳ. ಯಾವ ಬಾಟಲಿಯಲ್ಲಿ ನೊರೆ ಹೆಚ್ಚು ಬರುತ್ತದೆಂದು ಊಹಿಸಿ ಬೆರಳು ತೋರಿಸಲು ಯಾವ ಭಾಷೆಯೂ ಅಡ್ಡಿಯಲ್ಲ. ಊಹೆ ಮೊದಲು, ಕುಲುಕುವುದು ಆಮೇಲೆ ಎಂಬ ಕ್ರಮವನ್ನು ಬಿಟ್ಟುಕೊಡಬಾರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ (1920-2005) ಜೀವಮಾನವಿಡೀ ಒತ್ತಿಹೇಳಿದ ಪ್ರಶ್ನಿಸುವ ಅಭ್ಯಾಸಕ್ಕೆ ಮೂರನೆಯ ವಯಸ್ಸು ಚಿಕ್ಕದಲ್ಲ.

ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2022ರಲ್ಲಿ ಬಂದಿದೆ; ಆಟದ ಮೂಲಕ ಕಲಿಕೆಯೇ ಅದರ ನೆಲೆ. ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಮೂರು ಬಾಟಲಿಗಳ ಈ ಪ್ರಯೋಗಕ್ಕೆ ಅರ್ಧ ದಿನ ಮೀಸಲಿಡಬೇಕು.