ಏರ್ ಸಸ್ಪೆನ್ಷನ್‌ನಿಂದ ಕಾಯಿಲ್ ಸ್ಪ್ರಿಂಗ್‌ಗೆ ಪರಿವರ್ತನೆ

ಏರ್ ಸಸ್ಪೆನ್ಷನ್‌ನಿಂದ ಕಾಯಿಲ್ ಸ್ಪ್ರಿಂಗ್‌ಗೆ ಪರಿವರ್ತನೆ ಎಂಬುದು ಮೋಟಾರು ವಾಹನದಲ್ಲಿ ತಯಾರಕರು ಅಳವಡಿಸಿದ ಗಾಳಿ ಸ್ಪ್ರಿಂಗ್‌ಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್‌ಗಳನ್ನು ಜೋಡಿಸುವ ಮಾರ್ಪಾಡು. ಹಳೆಯದಾದ ಐಷಾರಾಮಿ ಕಾರು ಮತ್ತು ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಗಾಳಿಯ ಸೋರಿಕೆ ಮರುಕಳಿಸಿದಾಗ ಇದರ ಪ್ರಶ್ನೆ ಏಳುತ್ತದೆ. ಪರಿವರ್ತನೆಯಿಂದ ವ್ಯವಸ್ಥೆ ಸರಳವಾಗುತ್ತದೆ. ಆದರೆ ಎತ್ತರವನ್ನು ಬದಲಿಸುವ ಹಾಗೂ ಭಾರ ಹೆಚ್ಚಿದರೂ ಮಟ್ಟ ಕಾಯ್ದುಕೊಳ್ಳುವ ಸಾಮರ್ಥ್ಯ ಇಲ್ಲವಾಗುತ್ತದೆ.

ಹಿನ್ನೆಲೆ

ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯು 1957ರ ಎಲ್ಡೊರಾಡೊ ಬ್ರೂಮ್ ಕಾರಿನಲ್ಲಿ ಏರ್ ಸಸ್ಪೆನ್ಷನ್ ಅಳವಡಿಸಿತು. ಸೋರಿಕೆಯ ತೊಂದರೆಯಿಂದಾಗಿ ಆ ಕಾರಿನ ಅನೇಕ ಮಾಲೀಕರು ಕಾಯಿಲ್ ಸ್ಪ್ರಿಂಗ್‌ಗಳಿಗೆ ಬದಲಾಯಿಸಿಕೊಂಡರು. ಹೀಗಾಗಿ ಈ ಮಾರ್ಪಾಡು ಕಾರುಗಳ ಏರ್ ಸಸ್ಪೆನ್ಷನ್‌ನಷ್ಟೇ ಹಳೆಯದು ಎನ್ನಬಹುದು. 1992ರಲ್ಲಿ ರೇಂಜ್ ರೋವರ್‌ನಲ್ಲಿ ವಿದ್ಯುನ್ಮಾನ ನಿಯಂತ್ರಣದ ಏರ್ ಸಸ್ಪೆನ್ಷನ್ ಬಂದಿತು. 1998ರಲ್ಲಿ ಮರ್ಸಿಡಿಸ್-ಬೆಂಝ್ ಎಸ್-ಕ್ಲಾಸ್ ಕಾರಿನಲ್ಲಿ ಏರ್‌ಮ್ಯಾಟಿಕ್ ವ್ಯವಸ್ಥೆ ಬಳಕೆಗೆ ಬಂದಿತು.

ಕಾರ್ಯವಿಧಾನದ ವ್ಯತ್ಯಾಸ

ಗಾಳಿ ಸ್ಪ್ರಿಂಗ್ ಎಂದರೆ ನೂಲಿನ ಪದರಗಳಿಂದ ಬಲಪಡಿಸಿದ ರಬ್ಬರ್ ಚೀಲ. ಕಂಪ್ರೆಸರ್, ತೇವಾಂಶ ಹೀರುವ ಡ್ರೈಯರ್, ವಾಲ್ವ್‌ಗಳು, ಎತ್ತರವನ್ನು ಅಳೆಯುವ ಸಂವೇದಕಗಳು ಮತ್ತು ನಿಯಂತ್ರಣ ಘಟಕ ಇದರ ಇತರ ಭಾಗಗಳು. ವಾಹನದ ಭಾರ ಹೆಚ್ಚಿದಾಗ ಚೀಲದೊಳಗಿನ ಒತ್ತಡವನ್ನು ಹೆಚ್ಚಿಸಿ ಮೊದಲಿನ ಎತ್ತರವನ್ನು ಮರಳಿ ಪಡೆಯಲಾಗುತ್ತದೆ. ಒತ್ತಡದೊಂದಿಗೆ ಸ್ಪ್ರಿಂಗ್‌ನ ಬಿಗಿತವೂ ಏರುವುದರಿಂದ ಪ್ರಯಾಣದ ಅನುಭವ ಹೆಚ್ಚು ಬದಲಾಗದು.

ಸಾಮಾನ್ಯ ಕಾಯಿಲ್ ಸ್ಪ್ರಿಂಗ್‌ನ ಬಿಗಿತ ಸ್ಥಿರವಾಗಿರುತ್ತದೆ. ಉದಾಹರಣೆಗೆ, ಚಕ್ರದ ಬಳಿ ಅಳೆದ ಬಿಗಿತವು ಪ್ರತಿ ಮಿಲಿಮೀಟರಿಗೆ 30 ನ್ಯೂಟನ್ ಇದ್ದರೆ, ಒಂದು ಚಕ್ರದ ಮೇಲೆ 100 ಕೆ.ಜಿ. ಹೆಚ್ಚುವರಿ ಭಾರ ಬಿದ್ದಾಗ ಆ ಮೂಲೆ ಸುಮಾರು 33 ಮಿ.ಮೀ. ಕುಸಿಯುತ್ತದೆ. ಸದಾ ಭಾರ ಹೊರುವ ಅಥವಾ ಟ್ರೇಲರ್ ಎಳೆಯುವ ವಾಹನಕ್ಕೆ ಇದು ಮುಖ್ಯವಾದ ಸಂಗತಿ. ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಕುಸಿತ ಕಡಿಮೆಯಾಗುತ್ತದೆ, ಆದರೆ ಖಾಲಿ ವಾಹನದ ಓಟ ಒರಟಾಗುತ್ತದೆ.

ವೈಫಲ್ಯದ ಸರಪಳಿ

ಮಡಚಿಕೊಳ್ಳುವ ಜಾಗದಲ್ಲಿ ರಬ್ಬರ್ ಕಾಲಕ್ರಮೇಣ ಬಿರುಕುಬಿಡುತ್ತದೆ. ಸಣ್ಣ ಸೋರಿಕೆಯನ್ನು ತುಂಬಲು ಕಂಪ್ರೆಸರ್ ಪದೇ ಪದೇ ಓಡಿ, ಬಿಸಿಯಾಗಿ, ಕೊನೆಗೆ ಕೆಡುತ್ತದೆ. ಡ್ರೈಯರ್ ತನ್ನ ಶಕ್ತಿ ಕಳೆದುಕೊಂಡರೆ ತೇವಾಂಶವು ವಾಲ್ವ್‌ಗಳನ್ನು ಸೇರಿ ತುಕ್ಕಿಗೆ ಕಾರಣವಾಗುತ್ತದೆ. ಸೋರಿಕೆಯನ್ನು ಸರಿಪಡಿಸದೆ ಕಂಪ್ರೆಸರನ್ನು ಮಾತ್ರ ಬದಲಿಸಿದರೆ ಹೊಸದೂ ಅದೇ ರೀತಿ ಹಾಳಾಗುತ್ತದೆ. ಇಡೀ ವ್ಯವಸ್ಥೆಯೇ ನಂಬಿಕೆಗೆ ಅರ್ಹವಲ್ಲ ಎಂಬ ಭಾವನೆಗೆ ಇಂತಹ ಅರೆಬರೆ ದುರಸ್ತಿಯೂ ಒಂದು ಕಾರಣ.

ನಿರ್ಧಾರಕ್ಕೆ ಪರಿಗಣಿಸಬೇಕಾದ ಅಂಶಗಳು

ಮೊದಲು ದೋಷದ ಮೂಲವನ್ನು ಗುರುತಿಸುವುದು ಅಗತ್ಯ. ರಾತ್ರಿ ನಿಲ್ಲಿಸಿದ ವಾಹನದ ಒಂದೇ ಮೂಲೆ ಬೆಳಗಿನ ವೇಳೆಗೆ ಕುಸಿದಿದ್ದರೆ, ಆ ಚೀಲ, ಅದರ ಕೊಳವೆ ಅಥವಾ ವಾಲ್ವ್ ಸೋರುತ್ತಿರುವ ಸಂಭವವಿದೆ. ಜೋಡಣೆಗಳ ಮೇಲೆ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಏಳುವ ಜಾಗವೇ ಸೋರಿಕೆಯ ಜಾಗ. ಒಂದು ಭಾಗದ ಬದಲಾವಣೆಯಿಂದ ಪರಿಹಾರ ಸಿಗುವಂತಿದ್ದರೆ ಪರಿವರ್ತನೆಯ ಅಗತ್ಯವಿರುವುದಿಲ್ಲ.

ಎರಡನೆಯದು ವಾಹನದ ವಿನ್ಯಾಸ. 1994ರಲ್ಲಿ ಬಂದ ಎರಡನೇ ತಲೆಮಾರಿನ ರೇಂಜ್ ರೋವರ್‌ನಲ್ಲಿ ಗಾಳಿ ಚೀಲ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆಯಾಗಿರುವುದರಿಂದ ಕೆಲಸ ತುಲನಾತ್ಮಕವಾಗಿ ಸುಲಭ. ಏರ್‌ಮ್ಯಾಟಿಕ್‌ನಂತಹ ವ್ಯವಸ್ಥೆಯಲ್ಲಿ ಇವೆರಡೂ ಒಂದೇ ಘಟಕದಲ್ಲಿ ಸೇರಿರುವುದರಿಂದ ಶಾಕ್ ಅಬ್ಸಾರ್ಬರ್‌ಗಳನ್ನೂ ಬದಲಿಸಬೇಕಾಗುತ್ತದೆ. ಆಗ ಆಘಾತ ತಗ್ಗಿಸುವಿಕೆಯ ವಿದ್ಯುನ್ಮಾನ ನಿಯಂತ್ರಣವೂ ಸಾಮಾನ್ಯವಾಗಿ ನಷ್ಟವಾಗುತ್ತದೆ. ನಿಯಂತ್ರಣ ಘಟಕಕ್ಕೆ ಬದಲಾವಣೆಯನ್ನು ತಿಳಿಸದಿದ್ದರೆ ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ. ಕೆಲವು ವಾಹನಗಳಲ್ಲಿ ಹೆಡ್‌ಲೈಟ್‌ನ ಕೋನವೂ ಎತ್ತರದ ಸಂವೇದಕಗಳನ್ನೇ ಅವಲಂಬಿಸಿರುವುದರಿಂದ ಅವುಗಳನ್ನು ಕಿತ್ತುಹಾಕುವುದು ಸರಿಯಲ್ಲ.

ಮೂರನೆಯದು ಬಳಕೆ. ದೂರದ ಪ್ರದೇಶಗಳಲ್ಲಿ ಸಂಚರಿಸುವವರಿಗೆ, ಕಡಿಮೆ ಭಾಗಗಳಿರುವ ಕಾಯಿಲ್ ಸ್ಪ್ರಿಂಗ್ ವ್ಯವಸ್ಥೆಯ ಸರಳತೆ ದೊಡ್ಡ ಅನುಕೂಲ. ಭಾರ ಆಗಾಗ ಬದಲಾಗುವ, ಅಥವಾ ಹತ್ತಿ ಇಳಿಯಲು ವಾಹನವನ್ನು ತಗ್ಗಿಸಬೇಕಾದ ಬಳಕೆದಾರರಿಗೆ ಏರ್ ಸಸ್ಪೆನ್ಷನ್ ಉಳಿಸಿಕೊಳ್ಳುವುದೇ ಸೂಕ್ತ.

ಬಸ್ಸುಗಳ ಪರಿಸ್ಥಿತಿ ಭಿನ್ನವಾದುದು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಐರಾವತ ಸೇವೆಯ ವೋಲ್ವೊ ಬಸ್ಸುಗಳಲ್ಲಿ ಏರ್ ಸಸ್ಪೆನ್ಷನ್ ಇದೆ. ಇಂತಹ ಭಾರಿ ವಾಹನಗಳಲ್ಲಿ ಬ್ರೇಕಿಗಾಗಿ ಸಂಕುಚಿತ ಗಾಳಿಯ ವ್ಯವಸ್ಥೆ ಹೇಗೂ ಇರುತ್ತದೆ. ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ಭಾರವೂ ಬಹಳ ವ್ಯತ್ಯಾಸವಾಗುತ್ತದೆ.

ಕಾನೂನು ಮತ್ತು ಸುರಕ್ಷತೆ

ಭಾರತದ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಆದ್ದರಿಂದ ನೋಂದಣಿ ಪ್ರಾಧಿಕಾರ ಮತ್ತು ವಿಮಾ ಸಂಸ್ಥೆಯನ್ನು ಮುಂಚಿತವಾಗಿ ವಿಚಾರಿಸುವುದು ಉಚಿತ.

ಗಾಳಿ ಹೊರಹೋದಾಗ ವಾಹನ ಹಠಾತ್ತನೆ ಕೆಳಗಿಳಿಯುವುದರಿಂದ, ಗಟ್ಟಿಯಾದ ಆಧಾರವಿಲ್ಲದೆ ಅದರ ಅಡಿಯಲ್ಲಿ ಕೆಲಸ ಮಾಡುವುದು ಪ್ರಾಣಾಪಾಯಕಾರಿ. ಅದುಮಿದ ಕಾಯಿಲ್ ಸ್ಪ್ರಿಂಗ್ ಕೂಡ ಸಿಡಿದು ಗಾಯಗೊಳಿಸಬಲ್ಲದು. ಪರಿವರ್ತನೆಯ ಬಳಿಕ ಚಕ್ರಗಳ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್‌ನ ದಿಕ್ಕನ್ನು ಪರೀಕ್ಷಿಸಬೇಕು. ತೆಗೆದ ಭಾಗಗಳನ್ನು ಕಾಯ್ದಿರಿಸಿದರೆ ಮುಂದೆ ಮೂಲ ವ್ಯವಸ್ಥೆಗೆ ಮರಳಲು ಅವಕಾಶ ಉಳಿಯುತ್ತದೆ.