ನಿರಾಶ್ರಿತ, ನುಸುಳುಕೋರ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಕರೆತಂದು ಇರಿಸುವ ಸರ್ಕಾರಿ ಕೇಂದ್ರವಿದೆ. ಅದರ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’. ಕೃಷ್ಣೆ ಉಕ್ಕಿ ಊರಿಗೆ ನೀರು ನುಗ್ಗಿದಾಗ ಶಾಲೆಯ ಜಗಲಿಯಲ್ಲಿ ಗಂಜಿಗೆ ಕೂತವರೂ ಮರುದಿನದ ಪತ್ರಿಕೆಯಲ್ಲಿ ನಿರಾಶ್ರಿತರೇ. ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಬಂದವರಿಗೂ ಅದೇ ಪದ. ನಿಘಂಟುಕಾರರಿಗೆ ಇದು ಕೊರತೆ ಎನಿಸಬಹುದು. ನನಗೆ ಇದು ಕನ್ನಡದ ದೊಡ್ಡತನ. ನೆರೆಗೆ ಮನೆ ಕಳೆದುಕೊಂಡವರನ್ನೂ ಸೈನಿಕರು ಹಚ್ಚಿದ ಬೆಂಕಿಗೆ ಮನೆ ಕಳೆದುಕೊಂಡವರನ್ನೂ ಅದು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಆಶ್ರಯ ಇಲ್ಲ ಎಂದ ಕೂಡಲೇ, ಕೊಡಬೇಕಾದವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ನಮ್ಮ ನಾಡು ಒಮ್ಮೆ ಅದಕ್ಕೆ ಚೆನ್ನಾಗಿಯೇ ಉತ್ತರಿಸಿತ್ತು. ಟಿಬೆಟಿನಿಂದ ಓಡಿಬಂದವರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡದಲ್ಲಿ ನೆಲ ಕೊಟ್ಟಿತು. ಕಾಡು ಕಡಿದ ಜಾಗದಲ್ಲಿ ಅವರು ಮೆಕ್ಕೆಜೋಳ ಬೆಳೆದರು, ಮಠ ಕಟ್ಟಿದರು.

ಬಾಗಿಲು ಮುಚ್ಚಬೇಕೆಂದಾಗ ಮಾತ್ರ ಪದವೇ ಬದಲಾಗುತ್ತದೆ: ‘ನುಸುಳುಕೋರ’. ಲಂಚಕೋರ, ಚಾಡಿಕೋರ, ದಂಗೆಕೋರರ ಸಾಲಿಗೆ ಸೇರಿದ ಈ ಪದ, ಬಂದವನು ಬಾಯಿ ತೆರೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

ತೀರ್ಪಿನ ಬೆಲೆ ಏನೆಂದು 2015ರ ಮೇ ತಿಂಗಳಲ್ಲಿ ಅಂಡಮಾನ್ ಸಮುದ್ರ ತೋರಿಸಿತು. ಮ್ಯಾನ್ಮಾರಿನ 1982ರ ಕಾನೂನಿನಿಂದ ಪೌರತ್ವವೇ ಇಲ್ಲದಂತಾದ ರೋಹಿಂಗ್ಯಾಗಳು ಕಳ್ಳಸಾಗಣೆದಾರರ ದೋಣಿಗಳಲ್ಲಿ ಅನ್ನ ನೀರಿಲ್ಲದೆ ತೇಲುತ್ತಿದ್ದರು. ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾಗಳ ನೌಕಾಪಡೆಗಳು ದೋಣಿಗಳನ್ನು ಮತ್ತೆ ಕಡಲಿಗೇ ತಳ್ಳಿದವು. ಕೊನೆಗೆ ಅವರನ್ನು ದಡಕ್ಕೆ ತಂದವರಲ್ಲಿ ಇಂಡೊನೇಷ್ಯಾದ ‘ಆಚೆ’ ಎಂಬ ಪ್ರಾಂತದ ಮೀನುಗಾರರಿದ್ದರು. ಮುಳುಗುತ್ತಿರುವವನನ್ನು ಎತ್ತಬೇಕು ಎಂಬುದು ಅವರ ಕಡಲಿನ ಕಟ್ಟಳೆ. ಎತ್ತುವ ಮುಂಚೆ ಅವರು ಕಾಗದ ಕೇಳಲಿಲ್ಲ.

ಹೀಗೆ ತಳ್ಳಿದ್ದು ಅದೇ ಮೊದಲಲ್ಲ. 1939ರಲ್ಲಿ ‘ಸೇಂಟ್ ಲೂಯಿಸ್’ ಹಡಗಿನಲ್ಲಿ 900ಕ್ಕೂ ಹೆಚ್ಚು ಯಹೂದಿಗಳು ಹಿಟ್ಲರನ ಜರ್ಮನಿ ಬಿಟ್ಟು ಹೊರಟಿದ್ದರು. ಕ್ಯೂಬಾ ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನು ಇಳಿಸಿಕೊಳ್ಳಲಿಲ್ಲ. ಅಮೆರಿಕ, ಕೆನಡಾಗಳೂ ಒಲ್ಲೆವೆಂದವು. ಯುರೋಪಿಗೆ ಮರಳಿದವರಲ್ಲಿ 254 ಜನ ನರಮೇಧದಲ್ಲಿ ಸತ್ತರು. ಆ ಮೂರು ದೇಶಗಳು ಯಾರನ್ನೂ ಕೊಲ್ಲಲಿಲ್ಲ. ಆದರೆ ಕೊಲ್ಲುವವನ ಕೈಗೆಟಕುವಲ್ಲಿಗೆ ವಾಪಸು ಕಳಿಸಿದ ಮೇಲೆ ಸಾವಿನಲ್ಲಿ ತಮ್ಮ ಪಾಲಿಲ್ಲ ಎನ್ನುವಂತಿಲ್ಲ.

ದೇಶಕ್ಕೆ ಗಡಿ ಬೇಡವೇ? ಬೇಕು. ಬಂದವರೆಲ್ಲ ಸಾಚಾ ಎಂದೂ ನಾನು ವಾದಿಸುತ್ತಿಲ್ಲ. ಬಡ ರಾಷ್ಟ್ರದ ಹೊರೆ, ಭದ್ರತೆಯ ಆತಂಕ ಎರಡೂ ನಿಜ. ಆದರೆ ಸಾಚಾ ಯಾರು, ಸುಳ್ಳ ಯಾರು ಎಂದು ತಿಳಿಯಲು ಒಬ್ಬೊಬ್ಬರ ಮಾತನ್ನೂ ಕೇಳಲೇಬೇಕು. ಕೇಳದೆ ತಳ್ಳಿದರೆ ಭದ್ರತೆಯೂ ಸಿಗದು, ನ್ಯಾಯವೂ ಆಗದು.

ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಒಂದು ಕಾನೂನೂ ನಮ್ಮಲ್ಲಿಲ್ಲ. ಆದರೂ ಸಂವಿಧಾನದ 21ನೇ ವಿಧಿ ಜೀವ ಕಾಯುವುದು ‘ವ್ಯಕ್ತಿ’ಯದು, ನಾಗರಿಕನದಷ್ಟೇ ಅಲ್ಲ. 1996ರಲ್ಲಿ ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರನ್ನು ಸುಪ್ರೀಂ ಕೋರ್ಟ್ ರಕ್ಷಿಸಿದ್ದು ಇದೇ ವಿಧಿಯ ಬಲದಿಂದ. 2021ರಲ್ಲಿ ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳ ಬಿಡುಗಡೆಗೆ ಒಪ್ಪದ ಅದೇ ಕೋರ್ಟ್, ಗೊತ್ತುಪಡಿಸಿದ ಕ್ರಮ ಬಿಟ್ಟು ಗಡೀಪಾರು ಮಾಡುವಂತಿಲ್ಲ ಎಂದಷ್ಟೇ ಹೇಳಿತು. ಅಷ್ಟು ಸಾಲದು. ಅಪಾಯದ ಬಾಯಿಗೆ ಯಾರನ್ನೂ ಮರಳಿಸಬಾರದೆಂಬ ಸ್ಪಷ್ಟ ಕಾನೂನು ನಮಗೆ ಬೇಕು. ಅದು ಬರುವವರೆಗೂ ಪತ್ರಿಕೆಯವರು ಇಷ್ಟಾದರೂ ಮಾಡಬೇಕು: ವಿಚಾರಣೆಯಾಗದ ಯಾರನ್ನೂ ನುಸುಳುಕೋರ ಎಂದು ಬರೆಯಬಾರದು.